ನೋಡುಕಿಂಡಿ

ಪೀಣ್ಯ ಎರಡನೇ ಹಂತ, ರಾತ್ರಿ ಪಾಳಿ.
ಗೂಡಿನೊಳಗೆ ಸಾವಿರದ ಇನ್ನೂರ ಎಂಬತ್ತು ಡಿಗ್ರಿ,
ಗೇಟಿನಾಚೆ ಚಹಾದ ಗಾಡಿಯವನು
ಸ್ಟವ್ ಆರಿಸಿ ಮಫ್ಲರ್ ಬಿಗಿದುಕೊಳ್ಳುತ್ತಿದ್ದಾನೆ.
ಕೆಲಸಕ್ಕೆ ಸೇರಿ ನನಗೆ ಒಂಬತ್ತು ದಿನ.

"ಬಾಮ್ಮ, ನೋಡು" ಅಂದರು ಚೌರಪ್ಪ.
ಇಟ್ಟಿಗೆಯ ಬಿರಡೆ ಎಳೆದು
ನೀಲಿ ಗಾಜಿನ ಚೂರೊಂದನ್ನು ಕೈಗಿತ್ತರು.
ನೋಡಿದೆ.
ಒಳಗೆ ಏನೂ ಇರಲಿಲ್ಲ.

ಹಿಂದಿನ ದಿನ ನಾನೇ ಎಣಿಸಿ ಜೋಡಿಸಿದ್ದೆ:
ನಾನೂರ ಹನ್ನೆರಡು ಇನ್ಸುಲೇಟರು,
ಪಾವಗಡದ ಕಂಬಗಳ ಮೇಲೆ ಕೂರಬೇಕಾದವು,
ಮೂಲೆಯಲ್ಲಿ ಯಾರಿಗೂ ಹೇಳದೆ ನನ್ನದೊಂದು ಬಟ್ಟಲು.
ಈಗ ಅಂಚಿಲ್ಲ, ನೆರಳಿಲ್ಲ,
ಇನ್ಸುಲೇಟರಿನ ಕೊರಳ ಉಂಗುರಗಳಿಲ್ಲ.
ಗೋಡೆ, ಸರಕು, ಸಂದು
ಎಲ್ಲ ಒಂದೇ ಬಣ್ಣ:
ಹಲಸಿನ ತೊಳೆಗಿಂತ ಒಂದು ಕೂದಲು ಬಿಳಿ.

ಕರಗಿಹೋಯಿತೇ ಅಂತ ಎದೆ ಹೊಡೆದುಕೊಂಡಿತು.
ಅವರಿಗೆ ನಗು.
"ಎಲ್ಲಕ್ಕೂ ಸಮ ಬಿಸಿ ಬಂತು ಅಂದ್ರೆ
ಕೊಟ್ಟಷ್ಟೇ ತಗೋತವೆ, ತಗೊಂಡಷ್ಟೇ ಕೊಡ್ತವೆ.
ಲೆಕ್ಕ ಚುಕ್ತಾ ಆದ ಮನೇಲಿ
ಯಾರು ಯಾರು ಅಂತ ಗೊತ್ತಾಗಲ್ಲ.
ಕಾಣ್ತಾ ಇದ್ರೆ ಎಲ್ಲೋ ಒಂದು ಕಡೆ
ಇನ್ನೂ ತಣ್ಣಗಿದೆ ಅಂತ."

ಆಮೇಲೆ ಉದ್ದದ ಕೊಳವೆ ಒಳಗಿಟ್ಟು
ಒಂದೇ ಒಂದು ಸಲ ಊದಿದರು, ಮಗುವಿನ ಕಣ್ಣಿಗೆ ಊದುವ ಹಾಗೆ.
ಆ ಉಸಿರು ತಾಗಿದಲ್ಲಿ
ನನ್ನ ಬಟ್ಟಲಿನ ಅಂಚು ಕಂದಿ
ಎದ್ದು ಕಂಡಿತು, ರೆಪ್ಪೆ ಬಡಿಯುವಷ್ಟು ಹೊತ್ತು.
ಮತ್ತೆ ಮುಳುಗಿತು.
"ನಿಂದೇ ಅಲ್ವಾ ಅದು?" ಅಂದರು. ಸಾಹೇಬರಿಗೆ ಹೇಳಲಿಲ್ಲ.

ಉಷ್ಣತೆ ಇಮ್ಮಡಿಯಾದರೆ
ಹೊಮ್ಮುವ ಶಾಖ ಹದಿನಾರು ಮಡಿ:
ಕಾಲೇಜಿನಲ್ಲಿ ಇದಕ್ಕೆ ನನಗೆ ಐದಕ್ಕೆ ಐದು ಅಂಕ.
ಕೆನ್ನೆಯ ಚರ್ಮಕ್ಕೆ ಅರ್ಥವಾದದ್ದು ಮಾತ್ರ ಆ ಕಿಂಡಿಯೆದುರು.

ಗೂಡಿನ ಬಿಳಿ ಇಟ್ಟಿಗೆ
ಬೇಕರಿಯ ರಸ್ಕಿನ ಹಾಗೆ, ಹಗುರ, ಮೈಯೆಲ್ಲ ತೂತು.
ಒಂದು ಮಗ್ಗುಲಲ್ಲಿ ಆ ಬೆಂಕಿ.
ಈಚೆ ಮಗ್ಗುಲಿಗೆ ಆನಿಸಿಟ್ಟ ಅನ್ನದ ಡಬ್ಬಿ
ಹನ್ನೆರಡು ಗಂಟೆಗೆ ತೆರೆದರೆ ಹದವಾಗಿ ಬೆಚ್ಚಗೆ.
ಬೆಂಕಿಯನ್ನು ಹೀಗೆ ತಡೆಯುವುದು ಗಟ್ಟಿತನವಲ್ಲ,
ಒಳಗೆ ಹಿಡಿದಿಟ್ಟುಕೊಂಡ ಗಾಳಿ
ಅನ್ನುತ್ತಾ ಅವರು ಹುರುಳಿಕಾಳಿನ ಸಾರು ನನಗೂ ಬಡಿಸುತ್ತಿದ್ದರು.

ಇಳಿಸುವುದನ್ನೂ ಕಲಿಸಿದರು.
ಐನೂರ ಎಪ್ಪತ್ತರ ಆಸುಪಾಸಿನಲ್ಲಿ
ಜೇಡಿಯೊಳಗಿನ ಮರಳು ಮೈ ಮುರಿಯುತ್ತದೆ, ಅವಸರ ಬೇಡ.
ಒಮ್ಮೆ ನಾನು ಅವಸರ ಮಾಡಿದೆ.
ಬೆಳಗಿನ ಜಾವ ಗೂಡಿನೊಳಗಿಂದ
ಟಣ್,
ಟಣ್, ಟಣ್.
ಅವರು ಬೈಯಲಿಲ್ಲ, ಎಣಿಸಿದರು: ಎಪ್ಪತ್ತಾರು.

ನೀಲಿ ಗಾಜು ಇದ್ದದ್ದು ನಮಗೆ.
ಅವರದು ಬರಿಗಣ್ಣು, ಮೂವತ್ತೊಂದು ವರ್ಷ.
ಈ ಬೇಸಿಗೆಯಲ್ಲಿ ಜಾಲಹಳ್ಳಿಯ ಬಸ್ಸಿನ ಬೋರ್ಡು ಕರಗತೊಡಗಿ
ಕಣ್ಣಿನಾಸ್ಪತ್ರೆಯ ಉದ್ದನೆಯ ಸಾಲಿನಲ್ಲಿ ಕೂತರು.
ಮಸೂರ ಬೆಂದಿದೆ, ಮೊಟ್ಟೆಯ ಬಿಳಿಯ ಹಾಗೆ,
ಅಂದರಂತೆ ಡಾಕ್ಟರಮ್ಮ,
ಇದು ಬೆಳಕಿನ ಕೆಲಸವಲ್ಲ,
ಬೆಳಕಿನ ಬೆನ್ನಿಗೆ ಕಾಣದೆ ಬರುತ್ತಲ್ಲ, ಅದರದು.

ಈಗ ನನ್ನ ಕೈಯಲ್ಲಿ ಪಿಸ್ತೂಲಿನಂಥ ಮೀಟರು.
ಕುದುರೆ ಒತ್ತಿದರೆ ಅಂಕಿ ಬೀಳುತ್ತದೆ.
ನಿನ್ನೆ ರಾತ್ರಿ ಅವರ ಫೋನು, ನಾಳೆ ಆಪರೇಷನ್ನು:
"ಎಷ್ಟಾಗಿದೆಯಮ್ಮ?"
"ಸಾವಿರದ ಇನ್ನೂರ ಎಪ್ಪತ್ತೆಂಟು."
"ನಂಬರ್ ಬಿಡು, ಬಣ್ಣ ಹೇಳು."

ಮೀಟರು ಕೆಳಗಿಟ್ಟೆ. ಬಿರಡೆ ಎಳೆದೆ.
ಕೈ ನೀಲಿ ಗಾಜನ್ನು ತಡಕಿ, ಸಿಗದೆ,
ಒಂದು ಗಳಿಗೆ ಹಾಗೇ ನೋಡಿದೆ.
"ತೊಳೆ ದಾಟಿದೆ ಚೌರಪ್ಪನೋರೆ.
ಕೆನೆಗೆ ಬಂದಿಲ್ಲ."
"ಸರಕು ಕಾಣ್ತದಾ?"
"ಇಲ್ಲ."
"ನಂಗೂ," ಅಂದರು.
ನಕ್ಕರೋ, ಕೆಮ್ಮಿದರೋ.
"ಬಿರಡೆ ಹಾಕು ಬೇಗ. ಕಣ್ಣು."