ನಲವತ್ತು ನಿಮಿಷಕ್ಕೊಮ್ಮೆ

ಕರೂ ಬಯಲಲ್ಲಿ ಪಿಕಪ್ಪಿನ ಹಿಂಬಾಗಿಲೇ ಮೇಜು.
ಸ್ಪೆಕ್ಟ್ರಮ್ ಅನಲೈಜರಿಗೆ ಒನಾಲೆನ್ನಾ ಬುದ್ಧಿ ಹೇಳಿದಳು:
ನೂರರಿಂದ ಮುನ್ನೂರು ಮೆಗಾಹರ್ಟ್ಸ್ ತನಕ,
ಹತ್ತು ಸೆಕೆಂಡಿಗೊಂದು ಸಾಲು, ಗಡಿಯಾರ ಗ್ರೀನಿಚ್ಚಿನದು,
ಪೆನ್‌ಡ್ರೈವು ತುಂಬಿತೆಂದು ಹಳೆಯದನ್ನು ಅಳಿಸಕೂಡದು.
ಫೈಲಿಗೆ ತಾರೀಖಿನ ಹೆಸರಿಟ್ಟು
ಥರ್ಮಾಸಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಂಡಳು.

ರಾತ್ರಿಯಿಡೀ ಯಂತ್ರ ಬರೆಯಿತು.
ಬರೆಯಲು ಏನೂ ಇಲ್ಲದಿದ್ದರೂ ಬರೆಯಿತು:
ಮೈನಸ್ ನೂರಾ ಹತ್ತು,
ಮೈನಸ್ ನೂರಾ ಹತ್ತು,
ಮೈನಸ್ ನೂರಾ ಒಂಬತ್ತು.

ಬೆಳಗ್ಗೆ ನೋಡಿದರೆ
ನಲವತ್ತು ನಿಮಿಷಕ್ಕೊಂದು ಮುಳ್ಳು.

ಆಂಟೆನಾ ಹಿಡಿದು ಮುಳ್ಳಿನ ಜಾಡು ಹತ್ತಿದಳು, ಪಡುವಣಕ್ಕೆ.
ತಗಡಿನ ಮನೆ. ಮುದುಕಿ ಸಾನ್ನಾ ಬಾಗಿಲು ತೆರೆದಳು.
ರಟ್ಟಿನ ಪೆಟ್ಟಿಗೆಯಲ್ಲಿ ತಬ್ಬಲಿ ಕುರಿಮರಿ,
ಅದರಡಿ ಓಬೀರಾಯನ ಕಾಲದ ಕರೆಂಟು ಕಂಬಳಿ.
ಕಾದು, ಟಿಕ್ಕೆಂದು ಆರಿತು.
ಪರದೆಯಲ್ಲಿ ಮುಳ್ಳೆದ್ದಿತು.

ಗುಡ್ಡದಾಚೆಯ ಬೋಗುಣಿಗಳು ಕಿವಿಗೊಟ್ಟಿರುವುದು
ಮೊದಮೊದಲ ನಕ್ಷತ್ರಗಳ ಉಸಿರಿಗೆ ಎಂದು
ಅರ್ಧ ಆಫ್ರಿಕಾನ್ಸಿನಲ್ಲಿ, ಅರ್ಧ ಕೈಯಲ್ಲಿ ವಿವರಿಸಿದಳು.
'ಅವು ಹೊರಟು ಎಷ್ಟು ದಿನವಾಯಿತು?'
ಸಾನ್ನಾ ಕೇಳಿದಳು.
'ಸಾವಿರದ ಮುನ್ನೂರು ಕೋಟಿ ವರ್ಷ.'
'ಹಾಗಿದ್ದರೆ ಗುರುವಾರದವರೆಗೆ ತಡೆದಾವು.'

ಒನಾಲೆನ್ನಾ ಲಾಗು ತೆರೆದಳು.
ಮೂಲ: ಕುರಿಮರಿ, ಹೆಣ್ಣು, ಐದು ದಿನದ್ದು.
ಕ್ರಮ: ಎಂದು ಬರೆದು
ಬೆರಳಿನ ತುದಿಯನ್ನು ಮರಿಯ ಬಾಯಿಗೆ ಕೊಟ್ಟಳು.