ನಿಂತಲ್ಲೇ ನಡಿಗೆ

ನೀರು ಇತ್ತು. ಇಲ್ಲವೆಂದು ನಾವು ಯಾರೂ ಹೇಳಿದ್ದಿಲ್ಲ.
ಮೂರು ಮಾರು ಕೆಳಗೆ, ತಣ್ಣಗೆ,
ಬಗ್ಗಿದವರ ಮುಖ ನೋಡಿಕೊಂಡು ಇತ್ತು.
ಡೆಡ್ಜಾ ಬೆಟ್ಟದ ಬುಡದಲ್ಲಿ ನಮ್ಮ ದಿಂಬಾ,
ಮಳೆ ಹೋಗಿ ಎರಡು ತಿಂಗಳಾದರೂ
ಅಂಗಾಲಿಗೆ ತಂಪು ಹತ್ತುವ ತಗ್ಗಿನ ನೆಲ,
ಬಿತ್ತಿದ್ದನ್ನು ಬೇಡವೆನ್ನದು.
ಮೇಲೆ ಟೊಮೇಟೊ, ಕೆಳಗೆ ನೀರು,
ನಡುವೆ ಆ ಮೂರು ಮಾರು.

ಕಪಲಾಮುಲಾನ ಹತ್ತಿರ ಡೀಸೆಲ್ ಪಂಪಿತ್ತು.
ಗಂಟೆಗಿಷ್ಟು ಎಂದು ಬಾಡಿಗೆ,
ಎಂಜಿನ್ ಕೆಮ್ಮುತ್ತ ಕೂತ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದ.
ಅವನ ಗಡಿಯಾರಕ್ಕೆ ಎರಡೇ ಮುಳ್ಳು,
ಎರಡೂ ನಮಗೇ ಚುಚ್ಚಿದವು.
ಕ್ಯಾನು ಹೊತ್ತರೋ, ಒಂದು ಮಡಿಗೆ ಅರವತ್ತು ಸಲ;
ಅರವತ್ತನೆಯದು ಸುರಿಯುವಾಗ
ಮೊದಲನೆಯದು ಒಣಗಿರುತ್ತಿತ್ತು.

ಆಮೇಲೆ ಲಿಜುಲು ಸಂತೆಗೆ ಬಂತು ಈ ತುಳಿಯುವ ಪಂಪು.
ಎರಡು ಹಲಗೆ, ಎರಡು ಕೊಳವೆ, ಒಂದು ಹಗ್ಗ, ಒಂದು ರಾಟೆ.
ಎಣ್ಣೆ ಬೇಡ, ಎರಡು ಕಾಲು ಸಾಕು ಎಂದ ಮಾರುವವನು,
ಕಾಲಿಗೆ ಬೆಲೆಯಿಲ್ಲ ಎಂಬಂತೆ.
ಪಂಪಿನ ಬೆಲೆ ಒಂದೂವರೆ ಮೇಕೆ.
ನಾವು ನಾಲ್ವರು: ಎನೆಲೆಸಿ, ನಸಿಬೆಕೊ, ತಿಯಮಿಕೆ, ನಾನು.
ನಾಲ್ವರ ನಡುವೆ ಇದ್ದದ್ದು ಒಂದೇ ಮೇಕೆ,
ನಸಿಬೆಕೊಳದು, ಗಬ್ಬದ್ದು.
ಅದರ ಹೊಟ್ಟೆಯ ಮೇಲೆ ಮಾರುವವನ ಕೈ ಇಡಿಸಿ
"ಒದೀತಿದೆ ನೋಡು, ಇದೇ ನಿನ್ನ ಅರ್ಧ" ಎಂದಳು.
ಹೊತ್ತು ಇಳಿಯುವವರೆಗೆ ವಾದ.
ಕೊನೆಗೆ ಅವನೇ ಮೇಕೆಯ ಹಗ್ಗ ಹಿಡಿದ.

ಹೆಂಗಸರು ಹಲಗೆಯೇರಿ ಸೊಂಟ ಕುಣಿಸುವುದೇ,
ಅದೂ ರಸ್ತೆಗೆ ಕಾಣುವ ಹಾಗೆ, ಎಂದರು ಹಿರಿಯರು.
ಚಿತೆಂಜೆ ಬಟ್ಟೆ ಕಟ್ಟಿ ಮರೆ ಮಾಡಿದೆವು.
ಮೂರನೆಯ ದಿನ ಗಾಳಿ ಅದನ್ನು ಹೊತ್ತು ಹೋಯಿತು.
ತರಲು ಯಾರೂ ಹೋಗಲಿಲ್ಲ. ನೀರು ಮೇಲೆ ಬರುತ್ತಿತ್ತು.

ಕಷ್ಟ ಬಂದರೆ ಕಾಲಿಗೆ ಬುದ್ಧಿ ಹೇಳು ಎನ್ನುತ್ತಾರೆ.
ನನ್ನ ಗಂಡ ಹೇಳಿದ; ಅವನ ಕಾಲು
ಅವನನ್ನು ಜೋಹಾನ್ಸ್‌ಬರ್ಗಿನವರೆಗೆ ಒಯ್ದಿತು.
ನಾನೂ ಹೇಳಿದೆ. ನನ್ನದು ಅಲ್ಲೇ ಏರಿತು, ಅಲ್ಲೇ ಇಳಿಯಿತು.
ಯಾರು ಹೆಚ್ಚು ನಡೆದೆವೋ, ಅಳೆದವರಿಲ್ಲ.
ರಾತ್ರಿ ಚಾಪೆಯಲ್ಲೂ ನನ್ನ ಕಾಲು ತುಳಿಯುತ್ತದಂತೆ;
ಮಗಳು ಒದೆ ತಿಂದು ಗೊಣಗುತ್ತಾಳೆ.

ಆಗಸ್ಟಿನಲ್ಲಿ ಕೊಳವೆಯೊಳಗಿನ ಚರ್ಮದ ಬಿಲ್ಲೆ ಸವೆಯಿತು.
ತುಳಿದರೆ ಬರೀ ಗಾಳಿ, ಮುದುಕನ ಉಸಿರಿನ ಹಾಗೆ.
ಬಿಡಿಭಾಗ ಲಿಲೊಂಗ್ವೆಯಲ್ಲಿ ಸಿಗುತ್ತದಂತೆ,
ಬಸ್ಸಿನ ದುಡ್ಡು ಬಿಲ್ಲೆಯ ನಾಲ್ಕರಷ್ಟು.
ಎನೆಲೆಸಿ ಹುಡುಗರ ಹರಿದ ಫುಟ್‌ಬಾಲ್ ತಂದು ಕತ್ತರಿಸಿದಳು,
ಹಂದಿಯ ಕೊಬ್ಬು ಸವರಿ ಕೂರಿಸಿದಳು.
ಹುಡುಗರು ಬದುವಿನ ಮೇಲೆ ಸಾಲಾಗಿ ನಿಂತು ದಂಡ ಕೇಳಿದರು:
ವಾರಕ್ಕೆ ಹನ್ನೊಂದು ಟೊಮೇಟೊ, ತಲೆಗೊಂದು,
ಗೋಲ್ ಕಾಯುವವನಿಗೆ ದೊಡ್ಡದು.

ನಮ್ಮಲ್ಲಿ ಗಡಿಯಾರವಿಲ್ಲ. ಪಾಳಿಗೆ ನಾಲ್ಕು ಸ್ತೋತ್ರ.
ಹಾಡು ಮುಗಿದರೆ ಹಲಗೆ ಇಳಿಯಬೇಕು.
ಮೊನ್ನೆ ಕಚೇರಿಯವರು ಬಂದು
ಗಂಟೆಗೆ ಎಷ್ಟು ಲೀಟರು ಎಂದು ಕೇಳಿದಾಗ
ಈರುಳ್ಳಿ ಮಡಿಗೆ ಎರಡು ಹಾಡು,
ಸಾಸಿವೆ ಸೊಪ್ಪಿಗೆ ಒಂದೂವರೆ ಎಂದೆವು.
ಅವರು ಬರೆದುಕೊಂಡರು.

ತಿಯಮಿಕೆ ರಾಗ ಎಳೆಯುತ್ತಾಳೆ ಎಂದು ಜಗಳ.
"ದೇವರ ಹಾಡಿಗೂ ಅವಸರವೇ?" ಎನ್ನುತ್ತಾಳೆ, ತುಳಿಯುತ್ತಲೇ.
ಬಾವಿ ಒಸರುವುದು ನಿಧಾನ; ಕೊನೆಯವಳಿಗೆ ಕೆಸರು.
ನಾನೂ ಕೂಗಾಡಿದ್ದೇನೆ, ನಿಜ.
ಆದರೆ ಅಕ್ಟೋಬರಿನ ಆ ಬೆಳಿಗ್ಗೆ,
ಗರಿ ಹಳದಿಗೆ ತಿರುಗಿದ ಈರುಳ್ಳಿ
ನನ್ನನ್ನೇ ನೋಡುತ್ತಿರುವಾಗ,
ನಾಲ್ಕನೆಯ ಸ್ತೋತ್ರದ ಆಮೆನ್ ಹಿಡಿದೆ,
ಉಸಿರು ಬಿಟ್ಟು ಮತ್ತೆ ಹಿಡಿದೆ,
ನೀರು ಬದು ತಿರುಗಿ ಕೊನೆಯ ಸಾಲು ಮುಟ್ಟುವವರೆಗೆ.
ತಿಯಮಿಕೆ ಕೇಳಿಸಿಕೊಂಡಳು.
ಕಾಲುವೆ ಬಾಯಿಯ ಮಣ್ಣು ಸರಿಸುತ್ತ
ಏನೂ ಅನ್ನಲಿಲ್ಲ.