ಅಲೆಯ ಅಕ್ಷರ

ಸಾರೆಮಾ ದ್ವೀಪದಿಂದ ಕೊನೆಯ ಹಡಗು ಹೊರಟ ಮೇಲೆ
ಗ್ರಂಥಾಲಯದ ಸರ್ವರಿಗೆ ಕೈ ಹಾಕಿದೆವು,
ನಾನೂ ಉರ್ಮಾಸನೂ.
ಹದಿನೇಳು ವರ್ಷದ ತಂತ್ರಾಂಶ,
ಯಾರೋ ಬರೆದು ಊರಿಗೆಲ್ಲ ಬಿಟ್ಟುಕೊಟ್ಟದ್ದು.
ಒಂದು ಸಾಲಿನ ಪಕ್ಕ ಅವರದೇ ಷರಾ:
"ಮುಟ್ಟಬೇಡಿ. ಯಾಕೆಂದು ನನಗೂ ಮರೆತಿದೆ."

ಮುಟ್ಟದೆ ಆಗುತ್ತದೆಯೆ?
ನೇರ ಹಾರುವಂತಿಲ್ಲ, ಮೆಟ್ಟಿಲು ಮೆಟ್ಟಿಲೇ ಹತ್ತಬೇಕು:
ನಾಲ್ಕರಿಂದ ಐದು, ಐದರಿಂದ ಆರು.
ನಡುವೆ ಒಡೆಯನಿಲ್ಲದ ಪ್ಲಗಿನ್ನೊಂದು
ಕಾಲಿಗೆ ತೊಡರಿ ಎರಡು ಗಂಟೆ ತಿಂದಿತು.

ಬೆಳಗಾಗುವಾಗ ಎಲ್ಲ ಎದ್ದು ನಿಂತಿತ್ತು:
ಮುಳುಗಿದ ಹಡಗುಗಳ ಪಟ್ಟಿ, ಚರ್ಚಿನ ಮದುವೆಗಳು,
ಹೆಲ್ವೆ ಅಜ್ಜಿ ಕೂಡಿಟ್ಟ ಒಂಬತ್ತು ಸಾವಿರ ಫೋಟೊ.
ಒಂದೇ ಅಕ್ಷರ ಇಲ್ಲ.
ತಲೆಯ ಮೇಲೆ ಅಲೆ ಹೊತ್ತ ಆ ಒಂದು ಸ್ವರ
ಇದ್ದಲ್ಲೆಲ್ಲ ಪ್ರಶ್ನೆಚಿಹ್ನೆ.

ಹೆಲ್ವೆ ಬಂದು, ಕೋಟಿನ ಹಿಮ ಕೊಡವಿ, ನೋಡಿ ನಕ್ಕಳು:
"ಬಿಡ್ರೋ, ನಾವು ದ್ವೀಪದವರು
ಅದನ್ನು ಉಚ್ಚರಿಸಿದ್ದು ಯಾವತ್ತು?
ಶಾಲೆಯಲ್ಲಿ ಅದಕ್ಕೇ ತಲೆಗೆ ಮೊಟಕುತ್ತಿದ್ದರು."

ಆದರೂ ಬ್ಯಾಕಪ್ಪು ಬಿಚ್ಚಿ ಮತ್ತೆ ಕೂತೆವು.
ಮಧ್ಯಾಹ್ನದ ಹೊತ್ತಿಗೆ ಅಲೆ ವಾಪಸು.
ಚಿತ್ರವೊಂದರ ಕೆಳಗೆ ತೀರಿಹೋದ ಗಂಡನ ಹೆಸರು;
ಹೆಲ್ವೆ ಗಟ್ಟಿಯಾಗಿ ಓದಿದಳು,
ಎಂದಿನಂತೆ
ತಪ್ಪಾಗಿ.